ಉತ್ತರ ಕೊಟ್ಟವರು ಯಾರು? ಆಟಿಸಂ ಮತ್ತು ತಂತ್ರಜ್ಞಾನದ ಮೌಲ್ಯಮಾಪನ

ಆಟಿಸಂ ಇರುವವರಿಗಾಗಿ ರೂಪಿಸಿದ ಒಂದು ಸಾಧನ ಅಥವಾ ಆ್ಯಪ್ ಅವರಿಗೆ ನಿಜವಾಗಿ ಒಗ್ಗಿದೆಯೇ ಎಂಬುದನ್ನು ತಿಳಿಯಲು ಸಂಶೋಧಕರು ಬಳಸುವ ವಿಧಾನಗಳು ಬಹುಮಟ್ಟಿಗೆ ಒಂದೇ ಊಹೆಯ ಮೇಲೆ ನಿಂತಿವೆ. ಬಳಸಿದವರು ತಮಗಾದ ಅನುಭವವನ್ನು ತಾವೇ ಗುರುತಿಸಿಕೊಳ್ಳಬಲ್ಲರು, ಗುರುತಿಸಿದ್ದನ್ನು ಮಾತಿನಲ್ಲಾಗಲಿ ಅಂಕದಲ್ಲಾಗಲಿ ಅಪರಿಚಿತರ ಮುಂದೆ ಇಡಬಲ್ಲರು ಎಂಬುದೇ ಆ ಊಹೆ. ಮಾತು ಬಾರದವರ, ಬಂದರೂ ಅದು ಕೇಳಿದ ಪ್ರಶ್ನೆಗೆ ಉತ್ತರವಾಗಿ ಹೊರಡದವರ, ಹೊಸ ಕೋಣೆಗೆ ಕಾಲಿಟ್ಟೊಡನೆ ಕಿವಿ ಮುಚ್ಚಿಕೊಳ್ಳುವವರ ವಿಷಯದಲ್ಲಿ ಈ ಊಹೆ ನಿಲ್ಲುವುದಿಲ್ಲ. ಆಗ ಉತ್ತರವನ್ನು ತಾಯಿಯೋ ಶಿಕ್ಷಕಿಯೋ ಥೆರಪಿಸ್ಟೋ ಕೊಡುತ್ತಾರೆ. ವರದಿಯಲ್ಲಿ ಮಾತ್ರ ಅದು ಬಳಕೆದಾರರ ಅನುಭವವೆಂಬ ಹೆಸರಿನಲ್ಲೇ ಅಚ್ಚಾಗುತ್ತದೆ.

ಬಳಕೆದಾರರ ಅನುಭವ ಎಂಬ ಪರಿಕಲ್ಪನೆಗೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯಾದ ಐಎಸ್‌ಒ ತನ್ನ 9241 ಸರಣಿಯಲ್ಲಿ ಒಂದು ವ್ಯಾಖ್ಯೆ ಕೊಟ್ಟಿದೆ. ಆ ಸರಣಿಯ 11ನೆಯ ಭಾಗ ಬಳಕೆಯೋಗ್ಯತೆಯನ್ನು ಮೂರು ಅಳತೆಗಳಲ್ಲಿ ನೋಡುತ್ತದೆ: ಕೆಲಸ ಕೈಗೂಡಿತೇ, ಎಷ್ಟು ಶ್ರಮದಲ್ಲಿ ಕೈಗೂಡಿತು, ಬಳಸಿದವರಿಗೆ ತೃಪ್ತಿಯಾಯಿತೇ. 210ನೆಯ ಭಾಗ ಇನ್ನೂ ವಿಶಾಲವಾಗಿದ್ದು, ಬಳಸುವ ಮುಂಚಿನ ನಿರೀಕ್ಷೆಯಿಂದ ಹಿಡಿದು ಬಳಸಿದ ನಂತರ ಉಳಿಯುವ ಭಾವನೆಯವರೆಗೆ ವ್ಯಕ್ತಿಯಲ್ಲಿ ಮೂಡುವ ಎಲ್ಲ ಗ್ರಹಿಕೆ ಮತ್ತು ಪ್ರತಿಕ್ರಿಯೆಗಳನ್ನೂ ಅನುಭವದ ಒಳಗೆ ತರುತ್ತದೆ. ಮೊದಲ ಎರಡು ಅಳತೆಗಳನ್ನು ಹೊರಗಿನಿಂದ ನೋಡಿ ಬರೆದುಕೊಳ್ಳಬಹುದು. ತೃಪ್ತಿ, ನಿರೀಕ್ಷೆ, ಭಾವನೆಗಳು ಒಳಗಿನ ಸಂಗತಿಗಳು, ಮತ್ತು ಆಟಿಸಂ ಕ್ಷೇತ್ರದ ಮೌಲ್ಯಮಾಪನಗಳು ಹೆಚ್ಚಾಗಿ ಎಡವುವುದು ಅಲ್ಲಿಯೇ.

ಆಟಿಸಂ, ಕನ್ನಡದ ಶಾಸ್ತ್ರೀಯ ಬರಹಗಳಲ್ಲಿ ಸ್ವಲೀನತೆ, ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಒಂದು ಸ್ಥಿತಿ. ಸಾಮಾಜಿಕ ಸಂವಹನದಲ್ಲಿ ಭಿನ್ನತೆ, ಒಂದೇ ಬಗೆಯ ಚಟುವಟಿಕೆ ಅಥವಾ ಆಸಕ್ತಿಯಲ್ಲಿ ಗಾಢವಾಗಿ ನೆಲೆಸುವುದು ಇದರ ಮುಖ್ಯ ಲಕ್ಷಣಗಳೆಂದು ವೈದ್ಯರು ಗುರುತಿಸುತ್ತಾರೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿಯನ್ನು ತಂದಾಗ ಸದ್ದು, ಬೆಳಕು, ಸ್ಪರ್ಶಗಳ ಬಗ್ಗೆ ಇರುವ ಅತಿಸೂಕ್ಷ್ಮತೆ ಅಥವಾ ಮಂದತೆಯನ್ನೂ ಈ ಲಕ್ಷಣಗಳ ಪಟ್ಟಿಗೆ ಸೇರಿಸಿತು. ಭಾರತದಲ್ಲಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಹೆಸರಿಸಿದ 21 ಅಂಗವೈಕಲ್ಯಗಳಲ್ಲಿ ಆಟಿಸಂ ಒಂದು. ನಿರರ್ಗಳವಾಗಿ ಮಾತನಾಡುವ ಎಂಜಿನಿಯರರೂ ಒಂದು ಪದವನ್ನೂ ಉಚ್ಚರಿಸದ ಮಕ್ಕಳೂ ಇದೇ ಹೆಸರಿನಡಿ ಬರುವುದರಿಂದ, ಆಟಿಸಂ ಇರುವವರಿಗಾಗಿ ಎಂದು ಮಾರುಕಟ್ಟೆಗೆ ಬರುವ ಸಾಧನ ಯಾರಿಗಾಗಿ ಎಂಬುದೇ ಮೊದಲು ಕೇಳಬೇಕಾದ ಪ್ರಶ್ನೆ.

ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ಚೆನ್ನೈನ ಗಿಂಡಿ ಪರಿಸರ ತಕ್ಕ ಜಾಗ. ಗಿಂಡಿಯ ಕಾಡನ್ನು ಹಂಚಿಕೊಂಡು 1959ರಲ್ಲಿ ನೆಲೆಗೊಂಡ ಐಐಟಿ ಮದ್ರಾಸ್, ಅದರ ಸಮೀಪದಲ್ಲೇ ಇರುವ ಗಿಂಡಿ ಎಂಜಿನಿಯರಿಂಗ್ ಕಾಲೇಜು, ಕೊಂಚ ದೂರದ ಕೊಟ್ಟೂರುಪುರದಲ್ಲಿ ವಿದ್ಯಾಸಾಗರ್ ಸಂಸ್ಥೆ, ಇವೆಲ್ಲ ಕೆಲವೇ ಕಿಲೋಮೀಟರುಗಳ ಅಂತರದಲ್ಲಿವೆ. ಪೂನಂ ನಟರಾಜನ್ 1985ರಲ್ಲಿ ಆರಂಭಿಸಿದ ವಿದ್ಯಾಸಾಗರ್, ಮೊದಲು ಸ್ಪ್ಯಾಸ್ಟಿಕ್ಸ್ ಸೊಸೈಟಿಯೆಂಬ ಹೆಸರಿನಲ್ಲಿ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿಗಾದ ಹಾನಿಯಿಂದ ಸ್ನಾಯುಗಳ ಮೇಲೆ ಹಿಡಿತ ತಪ್ಪಿದ ಸ್ಥಿತಿಯಲ್ಲಿರುವ ಮಕ್ಕಳಿಗಾಗಿ ಕೆಲಸ ಮಾಡುತ್ತಿತ್ತು. ಐಐಟಿ ಮದ್ರಾಸಿನಲ್ಲಿ ಓದಿದ ಅಜಿತ್ ನಾರಾಯಣನ್ 2007ರಲ್ಲಿ ಗೆಳೆಯರೊಂದಿಗೆ ಕಟ್ಟಿದ ಇನ್ವೆನ್ಷನ್ ಲ್ಯಾಬ್ಸ್ ಕಂಪನಿ, ವಿದ್ಯಾಸಾಗರ್ ಸಂಸ್ಥೆಯ ಒಡನಾಟದಲ್ಲಿ 'ಆವಾಜ್' ಎಂಬ ಸಾಧನವನ್ನು ರೂಪಿಸಿತು. ಪರದೆಯ ಮೇಲಿನ ಚಿತ್ರಗಳನ್ನು ಒಂದೊಂದಾಗಿ ಆರಿಸಿದರೆ ಅವುಗಳನ್ನು ವಾಕ್ಯವಾಗಿ ಜೋಡಿಸಿ ಗಟ್ಟಿಯಾಗಿ ನುಡಿಯುವ ಈ ಸಾಧನಕ್ಕೆ 2010ರಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಪ್ರಶಸ್ತಿ ಬಂತು. ಮರುವರ್ಷ ಅಮೆರಿಕದ ಎಂಐಟಿಯ ತಂತ್ರಜ್ಞಾನ ಪತ್ರಿಕೆ 35 ವರ್ಷದೊಳಗಿನ ನಾವೀನ್ಯಕಾರರ ಪಟ್ಟಿಯಲ್ಲಿ ನಾರಾಯಣನ್ ಅವರ ಹೆಸರನ್ನು ಸೇರಿಸಿತು.

ಇಂಥ ಸಾಧನಗಳನ್ನು ಪೂರಕ ಮತ್ತು ಪರ್ಯಾಯ ಸಂವಹನ, ಚಿಕ್ಕದಾಗಿ ಎಎಸಿ, ಎಂಬ ವರ್ಗಕ್ಕೆ ಸೇರಿಸುತ್ತಾರೆ. ಆವಾಜ್ ಮೊದಲು ಎದುರಿಸಿದ್ದು ಸ್ನಾಯುಗಳ ಸಮಸ್ಯೆಯನ್ನು. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಏನು ಹೇಳಬೇಕೆಂಬುದು ಸ್ಪಷ್ಟವಾಗಿದ್ದರೂ ಬೆರಳು ಚಿತ್ರದವರೆಗೆ ತಲುಪುವುದಿಲ್ಲವಾದ್ದರಿಂದ, ಚಿತ್ರಗಳ ಮೇಲೆ ಒಂದರ ನಂತರ ಒಂದರಂತೆ ಬೆಳಕು ಹಾಯಿಸಿ, ಬೇಕಾದದ್ದು ಬಂದಾಗ ತಲೆಯ ಚಲನೆಯಿಂದಲೋ ಒಂದು ಸ್ವಿಚ್ಚಿನಿಂದಲೋ ಅದನ್ನು ಹಿಡಿಯುವ ವ್ಯವಸ್ಥೆ ಬೇಕಾಗುತ್ತದೆ. ಅದರ ಮೌಲ್ಯಮಾಪನ ಸರಳವಾಗಿಲ್ಲದಿದ್ದರೂ ನೇರವಾದದ್ದು: ಎಷ್ಟು ಹೊತ್ತಿನಲ್ಲಿ ಎಷ್ಟು ಸರಿಯಾದ ಆಯ್ಕೆ ಎಂದು ಎಣಿಸಬಹುದು, ಸಾಧನ ಹಿಡಿಸಲಿಲ್ಲವಾದರೆ ಮಗುವೇ ಅದೇ ಸಾಧನದಲ್ಲಿ ಹಾಗೆಂದು ಹೇಳಬಲ್ಲದು. 2012ರಲ್ಲಿ ಆವಾಜ್ ಐಪ್ಯಾಡ್ ಆ್ಯಪ್ ಆಗಿ ಬಂದು ಆಟಿಸಂ ಇರುವ ಮಕ್ಕಳ ಕೈ ಸೇರಿದಾಗ ಲೆಕ್ಕಾಚಾರ ಬದಲಾಯಿತು. ಈ ಮಕ್ಕಳಲ್ಲಿ ಹೆಚ್ಚಿನವರ ಬೆರಳು ಪರದೆಯನ್ನು ಸಲೀಸಾಗಿ ತಲುಪುತ್ತದೆ. ತಲುಪಿದ ಬೆರಳು ಏನನ್ನು ಉದ್ದೇಶಿಸಿತ್ತು ಎಂಬುದು ಮಾತ್ರ ಎಣಿಕೆಗೆ ಸಿಗುವುದಿಲ್ಲ. ಒಂದು ಮಗು ನೀರಿನ ಚಿತ್ರವನ್ನು ಹತ್ತಾರು ಬಾರಿ ಒತ್ತಿದರೆ ಅದಕ್ಕೆ ಬಾಯಾರಿಕೆಯಾಗಿರಬಹುದು, ಆ ಧ್ವನಿಯ ಏರಿಳಿತ ಹಿತವೆನಿಸಿರಬಹುದು, ಗುಂಡಿ ಒತ್ತಿದೊಡನೆ ಸದ್ದು ಬರುವ ಖಚಿತತೆಯೇ ಅದಕ್ಕೆ ಬೇಕಾಗಿರಬಹುದು, ಇಲ್ಲವೇ ಪಕ್ಕದಲ್ಲಿ ಕುಳಿತ ದೊಡ್ಡವರು ಪ್ರತಿಸಲವೂ ಮುಖ ಅರಳಿಸುವುದನ್ನು ಅದು ಗಮನಿಸಿರಬಹುದು. ಈ ನಾಲ್ಕೂ ಅನುಭವಗಳೇ, ಆದರೆ ಆ್ಯಪ್ ದಾಖಲಿಸುವ ಲಾಗ್‌ನಲ್ಲಿ ನಾಲ್ಕೂ ಒಂದೇ ಸಾಲಾಗಿ ಕಾಣುತ್ತವೆ.

ಐಪ್ಯಾಡಿನ ಜೊತೆಗೆ ಇನ್ನೊಂದು ಗೊಂದಲವೂ ಬಂತು. ಮಾತನಾಡಲು ಮಾತ್ರ ಇದ್ದ ಸಾಧನದ ಜಾಗದಲ್ಲಿ ವಿಡಿಯೋ, ಆಟ, ಕ್ಯಾಮೆರಾಗಳೂ ಇರುವ ಸಾಧನ ಬಂದಾಗ ಮಕ್ಕಳು ಎಎಸಿ ಆ್ಯಪಿನಿಂದ ಹೊರಬಿದ್ದು ಬೇರೆಡೆಗೆ ಹೋಗುವುದು ಸಹಜವಾಯಿತು. ಆ್ಯಪಲ್ ಕಂಪನಿ 2012ರಲ್ಲಿಯೇ ತನ್ನ ಸಾಧನಗಳಿಗೆ ಗೈಡೆಡ್ ಆಕ್ಸೆಸ್ ಎಂಬ ಸೌಲಭ್ಯ ಸೇರಿಸಿ, ಪರದೆಯನ್ನು ಒಂದೇ ಆ್ಯಪಿಗೆ ಬೀಗ ಹಾಕುವ ಅವಕಾಶವನ್ನು ಪೋಷಕರಿಗೆ ಕೊಟ್ಟಿತು. ಬೀಗ ಹಾಕಿದ ಪರದೆಯಲ್ಲಿ ಮಗು ಅರ್ಧ ಗಂಟೆ ಕಳೆದರೆ ಅದನ್ನು ತೊಡಗಿಕೊಳ್ಳುವಿಕೆ ಎಂದು ಬರೆದುಕೊಳ್ಳುವುದು ಎಷ್ಟು ಪ್ರಾಮಾಣಿಕ? ಹೊರಹೋಗುವ ದಾರಿ ಇಲ್ಲದ ಕಡೆ ಉಳಿದದ್ದನ್ನು ಇಷ್ಟವೆಂದು ಎಣಿಸುವ ಅಧ್ಯಯನವನ್ನು ಓದುಗರು ಅನುಮಾನದಿಂದಲೇ ಓದಬೇಕು.

ಉತ್ತರ ಪಡೆಯುವ ರೂಢಿಯ ಸಲಕರಣೆಗಳ ಕಡೆಗೆ ನೋಡಿದರೆ ತೊಡಕು ಇನ್ನಷ್ಟು ಸ್ಪಷ್ಟವಾಗುತ್ತದೆ. ಬ್ರಿಟನ್ನಿನ ಜಾನ್ ಬ್ರೂಕ್ 1986ರಲ್ಲಿ ಸಿದ್ಧಪಡಿಸಿದ ಸಿಸ್ಟಂ ಯೂಸಬಿಲಿಟಿ ಸ್ಕೇಲ್, ಅಂದರೆ ಎಸ್‌ಯುಎಸ್, ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಬಳಕೆಯೋಗ್ಯತೆಯ ಪ್ರಶ್ನಾವಳಿಗಳಲ್ಲೊಂದು. ಹತ್ತು ಹೇಳಿಕೆಗಳಿಗೆ ಒಂದರಿಂದ ಐದರವರೆಗೆ ಒಪ್ಪಿಗೆಯನ್ನು ಸೂಚಿಸಬೇಕು, ಒಟ್ಟು ಅಂಕ ಸೊನ್ನೆಯಿಂದ ನೂರರೊಳಗೆ ಬರುತ್ತದೆ. ಇದರಲ್ಲಿ ಒಂದು ಹೇಳಿಕೆ ಹೊಗಳಿದರೆ ಮುಂದಿನದು ತೆಗಳುತ್ತದೆ. ಕಣ್ಣುಮುಚ್ಚಿ ಒಂದೇ ಅಂಕ ಕೊಡುವವರನ್ನು ಹಿಡಿಯುವ ಈ ಉಪಾಯ, ತೆಗಳಿಕೆಯನ್ನು ಒಪ್ಪುವುದಿಲ್ಲ ಎನ್ನುವ ಇಮ್ಮಡಿ ನಿಷೇಧವನ್ನು ಮನಸ್ಸಿನಲ್ಲಿ ಬಿಡಿಸಿಕೊಳ್ಳಲು ಕಷ್ಟಪಡುವವರನ್ನೂ ಹಿಡಿದುಬಿಡುತ್ತದೆ. ಮಾತನಾಡಬಲ್ಲ ವಯಸ್ಕರಲ್ಲೂ 'ಸಾಮಾನ್ಯವಾಗಿ', 'ಆಗಾಗ' ಎಂಬ ಸಡಿಲ ಪದಗಳು ಆಟಿಸಂ ಇರುವವರನ್ನು ತಡೆದು ನಿಲ್ಲಿಸುತ್ತವೆ: ಆಗಾಗ ಎಂದರೆ ವಾರಕ್ಕೆ ಎಷ್ಟು ಬಾರಿ ಎಂದು ಮೊದಲು ಹೇಳಿದರೆ ತಾನೆ ಉತ್ತರಿಸುವುದು? ಈ ಆಕ್ಷೇಪ ನ್ಯಾಯವಾದದ್ದು, ಮತ್ತು ಪ್ರಶ್ನಾವಳಿ ಬರೆಯುವವರು ಎಲ್ಲರಿಗಾಗಿಯೂ ಕೇಳಿಸಿಕೊಳ್ಳಬೇಕಾದದ್ದು.

ಮಕ್ಕಳಿಗಾಗಿ ಜಾನೆಟ್ ರೀಡ್ ಮತ್ತು ಸ್ಟುವರ್ಟ್ ಮ್ಯಾಕ್‌ಫಾರ್ಲೇನ್ ಬ್ರಿಟನ್ನಿನಲ್ಲಿ ರೂಪಿಸಿದ ಸಲಕರಣೆಗಳ ಪೈಕಿ ಹೆಸರು ಮಾಡಿದ್ದು ಸ್ಮೈಲಿಯೋಮೀಟರ್, ಅಂದರೆ ಅಳುಮೋರೆಯಿಂದ ನಗುಮೊಗದವರೆಗೆ ಐದು ಮುಖಗಳ ಸಾಲು. ಚಿಕ್ಕ ಮಕ್ಕಳು ಯಾವುದನ್ನು ಕೊಟ್ಟರೂ ಅತಿ ಹೆಚ್ಚು ನಗುವ ಮುಖವನ್ನೇ ತೋರಿಸುವ ದೌರ್ಬಲ್ಯ ಇದಕ್ಕೆ ಇದ್ದೇ ಇದೆ. ಬರೆದ ಮುಖದಿಂದ ಭಾವನೆಯನ್ನು ಓದುವುದೇ ಕಷ್ಟವಾಗಿರುವ ಮಗುವಿಗೆ ಅದೇ ಮುಖಗಳಿಂದ ತನ್ನ ಭಾವನೆಯನ್ನು ಅಳೆದು ಹೇಳು ಎನ್ನುವುದು, ಕಾಲು ನೋಯುವವರನ್ನು ಆಸ್ಪತ್ರೆಯ ಮಹಡಿ ಹತ್ತಿಸಿ ಪರೀಕ್ಷಿಸಿದಂತೆ. ಅದೇ ಸಲಕರಣೆಗಳ ಗುಂಪಿನಲ್ಲಿರುವ ಇನ್ನೊಂದು, 'ಮತ್ತೆ ಬೇಕೇ' ಎಂದಷ್ಟೇ ಕೇಳುವ ಪಟ್ಟಿ, ಈ ಕ್ಷೇತ್ರಕ್ಕೆ ಹೆಚ್ಚು ಹೊಂದುತ್ತದೆ. ಭಾವನೆಯ ಹೆಸರು ಕೇಳದೆ ಮುಂದಿನ ನಡೆಯನ್ನು ಕೇಳುವ ಈ ಪ್ರಶ್ನೆಗೆ ಮಗು ವಸ್ತುವನ್ನು ಕೈಗೆ ತೆಗೆದುಕೊಂಡೋ ದೂರ ಸರಿಸಿಯೋ ಉತ್ತರ ಕೊಡಬಲ್ಲದು.

ಮಾತಿನಲ್ಲಿ ಕೇಳಿದಾಗ ಬರುವ ಉತ್ತರಗಳಲ್ಲೂ ಒಂದು ಬಲೆ ಇದೆ. ಕೇಳಿದ್ದನ್ನೇ ಮರುನುಡಿಯುವುದು, ಅಂದರೆ ಎಕೋಲೇಲಿಯಾ, ಆಟಿಸಂ ಇರುವ ಹಲವರ ಮಾತಿನ ರೀತಿ. ಚೆನ್ನಾಗಿದೆಯೋ ಚೆನ್ನಾಗಿಲ್ಲವೋ ಎಂದರೆ ಚೆನ್ನಾಗಿಲ್ಲ ಎಂದೂ, ಪದಗಳನ್ನು ಹಿಂದುಮುಂದಾಗಿಸಿ ಕೇಳಿದರೆ ಚೆನ್ನಾಗಿದೆ ಎಂದೂ ಉತ್ತರ ಬರುತ್ತದೆ. ಅನುಭವಿ ಮೌಲ್ಯಮಾಪಕರು ಆಯ್ಕೆಗಳ ಕ್ರಮವನ್ನು ಬದಲಿಸಿ ಮತ್ತೆ ಕೇಳುತ್ತಾರೆ, ಎರಡು ಸಲವೂ ಒಂದೇ ಉತ್ತರ ಬಂದರೆ ಮಾತ್ರ ಬರೆದುಕೊಳ್ಳುತ್ತಾರೆ. ಹಾಗೆಂದು ಮರುನುಡಿತವನ್ನೆಲ್ಲ ಅರ್ಥಹೀನವೆಂದು ತಳ್ಳಿಹಾಕುವುದೂ ತಪ್ಪು: ಬ್ಯಾರಿ ಪ್ರಿಜಂಟ್ ಮತ್ತು ಜುಡಿತ್ ಡುಕಾನ್ 1981ರಲ್ಲಿ ಪ್ರಕಟಿಸಿದ ಅಧ್ಯಯನ ತಕ್ಷಣದ ಮರುನುಡಿತಕ್ಕೆ ಏಳು ಬಗೆಯ ಕಾರ್ಯಗಳಿರುವುದನ್ನು ತೋರಿಸಿತ್ತು, ಅವುಗಳಲ್ಲಿ ಹೌದೆಂದು ಒಪ್ಪುವುದೂ ಒಂದು.

ಪ್ರಶ್ನೆ ಕೇಳದೆ ದೂರದಿಂದ ಗಮನಿಸಿದರೆ ಸಾಲದೇ ಎನ್ನಬಹುದು. ಗಮನಿಸುವವರ ಕಣ್ಣು ಕೂಡ ಒಂದು ರೂಢಿಯಲ್ಲಿ ಪಳಗಿದ ಕಣ್ಣು. ಪರದೆಯ ಕಡೆ ನೋಟ ನೆಟ್ಟಿದ್ದರೆ ಆಸಕ್ತಿ, ನೋಟ ತಪ್ಪಿದರೆ ಬೇಸರ, ಕೈ ಬಡಿದರೆ ಉದ್ವೇಗ ಎಂದು ಅದು ತೀರ್ಮಾನಿಸುತ್ತದೆ. ಆಟಿಸಂ ಇರುವ ಹಲವರು ನೋಡದೆಯೇ ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ, ಸಂತೋಷಕ್ಕೂ ಕೈ ಬಡಿಯುತ್ತಾರೆ. ಸ್ವತಃ ಆಟಿಸಂ ಇರುವ ಬ್ರಿಟಿಷ್ ಸಮಾಜವಿಜ್ಞಾನಿ ಡೇಮಿಯನ್ ಮಿಲ್ಟನ್ 2012ರಲ್ಲಿ ಇದನ್ನು ಇಮ್ಮುಖ ಅನುಭೂತಿಯ ಸಮಸ್ಯೆಯೆಂದು ವಿವರಿಸಿದರು: ಆಟಿಸಂ ಇರುವವರು ಇತರರನ್ನು ಅರಿಯಲಾರರು ಎಂಬುದು ಎಷ್ಟು ನಿಜವೋ, ಇತರರು ಅವರನ್ನು ಅರಿಯಲಾರರು ಎಂಬುದೂ ಅಷ್ಟೇ ನಿಜ. ಮುಖಭಾವದಿಂದ ಭಾವನೆಯನ್ನು ಗುರುತಿಸುತ್ತೇವೆನ್ನುವ ಸಾಫ್ಟ್‌ವೇರುಗಳನ್ನು ಇಲ್ಲಿ ತಂದು ಅಳತೆಗೆ ಹಚ್ಚುವುದು ಈ ತಪ್ಪನ್ನೇ ಯಂತ್ರಕ್ಕೆ ಕಲಿಸಿದಂತಾಗುತ್ತದೆ.

ಬಳಕೆದಾರರ ಬದಲಿಗೆ ಬೇರೊಬ್ಬರು ಕೊಡುವ ಉತ್ತರ ಎಷ್ಟು ದೂರ ದಾರಿ ತಪ್ಪಿಸಬಹುದೆಂಬುದಕ್ಕೆ ಒಂದು ಕಟು ನಿದರ್ಶನ ಚರಿತ್ರೆಯಲ್ಲಿದೆ. ಆಸ್ಟ್ರೇಲಿಯಾದಲ್ಲಿ ಆರಂಭವಾಗಿ 1990ರ ಹೊತ್ತಿಗೆ ಅಮೆರಿಕದಲ್ಲಿ ಹಬ್ಬಿದ ಫೆಸಿಲಿಟೇಟೆಡ್ ಕಮ್ಯುನಿಕೇಷನ್ ಎಂಬ ವಿಧಾನದಲ್ಲಿ, ಮಾತಿಲ್ಲದ ವ್ಯಕ್ತಿಯ ಕೈಯನ್ನು ಸಹಾಯಕರು ಆನಿಸಿ ಹಿಡಿದು ಕೀಲಿಮಣೆಯ ಮೇಲೆ ಟೈಪು ಮಾಡಿಸುತ್ತಿದ್ದರು. ಹೊರಬಂದ ಸುಂದರ ವಾಕ್ಯಗಳನ್ನು ಕಂಡು ಪೋಷಕರು ಆನಂದದಿಂದ ಅತ್ತರು. 1993ರಲ್ಲಿ ಪ್ರಕಟವಾದ ನ್ಯೂಯಾರ್ಕಿನ ಒಂದು ಅಧ್ಯಯನ 12 ಮಂದಿ ಬಳಕೆದಾರರಿಗೂ ಅವರ ಸಹಾಯಕರಿಗೂ ಬೇರೆ ಬೇರೆ ಚಿತ್ರಗಳನ್ನು ತೋರಿಸಿ ಹೆಸರು ಟೈಪಿಸಲು ಹೇಳಿದಾಗ, ಬಳಕೆದಾರರು ಕಂಡ ಚಿತ್ರದ ಹೆಸರು ಒಮ್ಮೆಯೂ ಬರಲಿಲ್ಲ. ಬಂದ ಸರಿಯುತ್ತರಗಳೆಲ್ಲ ಸಹಾಯಕರು ಕಂಡ ಚಿತ್ರಗಳವು. ಸಹಾಯಕರು ಯಾರೂ ಮೋಸಗಾರರಾಗಿರಲಿಲ್ಲ, ತಾವೇ ಟೈಪಿಸುತ್ತಿದ್ದೇವೆಂಬುದು ಅವರಿಗೆ ಗೊತ್ತಿರಲೇ ಇಲ್ಲ. ಎಎಸಿ ಆ್ಯಪುಗಳಲ್ಲಿ ಬಳಕೆದಾರರು ಕೈಯನ್ನು ತಾವಾಗಿಯೇ ಚಾಚುವುದರಿಂದ ಅವು ಆ ವಿಧಾನದ ಸಾಲಿಗೆ ಸೇರುವುದಿಲ್ಲ. ಆದರೂ ಪಕ್ಕದಲ್ಲಿ ಕುಳಿತವರ ಬೆರಳಿನ ಸುಳಿವು, ಕಣ್ಣಿನ ಸುಳಿವು ಎಷ್ಟಿತ್ತು ಎಂಬುದನ್ನು ಪ್ರತಿಯೊಂದು ಮೌಲ್ಯಮಾಪನವೂ ಪ್ರತ್ಯೇಕವಾಗಿ ಬರೆದಿಡಬೇಕೆನ್ನುವ ಎಚ್ಚರ ಬಂದದ್ದು ಆ ಪಾಠದಿಂದ.

ಭಾಷೆಯ ವಿಷಯದಲ್ಲಿ ಗಿಂಡಿಯ ಪ್ರಯೋಗಗಳಿಗೆ ಹೊರದೇಶದ ಅಧ್ಯಯನಗಳಲ್ಲಿ ಹೆಚ್ಚಾಗಿ ಕಾಣದ ಒಂದು ಆಯಾಮವಿದೆ. ಚಿತ್ರಫಲಕಗಳ ಜೋಡಣೆಗೆ ಬಳಕೆಯಲ್ಲಿರುವ ಬಣ್ಣಗಳ ಕ್ರಮ, 1920ರ ದಶಕದಲ್ಲಿ ಅಮೆರಿಕದ ಎಡಿತ್ ಫಿಟ್ಜ್‌ಜೆರಾಲ್ಡ್ ಕಿವುಡ ಮಕ್ಕಳಿಗೆ ಇಂಗ್ಲಿಷ್ ವಾಕ್ಯರಚನೆ ಕಲಿಸಲು ಮಾಡಿದ ಪದ್ಧತಿಯಿಂದ ಬಂದದ್ದು. ಎಡದಲ್ಲಿ ವ್ಯಕ್ತಿ, ನಡುವೆ ಕ್ರಿಯೆ, ಬಲದಲ್ಲಿ ವಸ್ತು ಎಂಬ ಆ ಸಾಲು ಇಂಗ್ಲಿಷಿಗೆ ಸರಿ. ಕ್ರಿಯಾಪದ ಕೊನೆಗೆ ಬರುವ, ನಾಮಪದಕ್ಕೆ ವಿಭಕ್ತಿ ಪ್ರತ್ಯಯ ಅಂಟುವ ಕನ್ನಡಕ್ಕಾಗಲಿ ತಮಿಳಿಗಾಗಲಿ ಅದು ಹೊಂದುವುದಿಲ್ಲ. ಚೆನ್ನೈನಲ್ಲಿ ನೆಲೆಸಿದ ಕನ್ನಡ ಕುಟುಂಬದ ಮಗು ಮನೆಯಲ್ಲಿ ಕನ್ನಡವನ್ನು, ಬೀದಿಯಲ್ಲಿ ತಮಿಳನ್ನು, ಥೆರಪಿಯಲ್ಲಿ ಇಂಗ್ಲಿಷನ್ನು ಕೇಳುತ್ತಿರುವಾಗ, ಫಲಕದ ಮೇಲೆ ಅದು ತಪ್ಪು ಕ್ರಮದಲ್ಲಿ ಒತ್ತಿದ ಮೂರು ಚಿತ್ರಗಳು ಮನೆಮಾತಿನ ಸರಿಯಾದ ವಾಕ್ಯವೇ ಆಗಿರಬಹುದು. ನಾರಾಯಣನ್ 2013ರ ಟೆಡ್ ಉಪನ್ಯಾಸದಲ್ಲಿ ಮಂಡಿಸಿದ 'ಫ್ರೀಸ್ಪೀಚ್' ಎಂಬ ಕಲ್ಪನೆ ಹುಟ್ಟಿದ್ದು ಇದಕ್ಕೆ ಹತ್ತಿರದ ತೊಡಕಿನಿಂದಲೇ: ಪದಗಳನ್ನು ಸಾಲಾಗಿಡುವ ಬದಲು ಯಾರು, ಏನನ್ನು, ಯಾವಾಗ ಎಂಬ ಪ್ರಶ್ನೆಗಳ ಎಳೆಗಳಿಂದ ಚಿತ್ರಗಳನ್ನು ಜೋಡಿಸಿಟ್ಟರೆ, ವ್ಯಾಕರಣದ ಕ್ರಮವನ್ನು ಯಂತ್ರವೇ ಆಯಾ ಭಾಷೆಗೆ ತಕ್ಕಂತೆ ಕೂಡಿಸುತ್ತದೆ. ಯಂತ್ರದ ಕಂಠವೂ ಅನುಭವದ ಒಂದು ಭಾಗವೇ. ಹೇಮಾ ಮೂರ್ತಿ ಅವರ ನೇತೃತ್ವದಲ್ಲಿ ಐಐಟಿ ಮದ್ರಾಸ್ ಇತರ ಸಂಸ್ಥೆಗಳೊಡನೆ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಿಗೆ ಪಠ್ಯವನ್ನು ಮಾತಾಗಿಸುವ ವ್ಯವಸ್ಥೆಗಳನ್ನು ಕಟ್ಟಿದೆ. ಎಂಟು ವರ್ಷದ ಹುಡುಗಿ ನಡುವಯಸ್ಸಿನ ಗಂಡಸಿನ ದನಿಯಲ್ಲಿ ಅಮ್ಮನನ್ನು ಕರೆಯಬೇಕಾದರೆ ಅವಳು ಆ ಗುಂಡಿಯನ್ನು ಒತ್ತದಿರುವುದೂ ಒಂದು ಅಭಿಪ್ರಾಯವೇ.

ಮೌಲ್ಯಮಾಪನಗಳಲ್ಲಿ ಅತಿ ಹೆಚ್ಚು ಕಳೆದುಹೋಗುವುದು ಇಂಥ ನಿರಾಕರಣೆಯೇ. ಐಐಟಿ ಬಾಂಬೆಯ ವಿನ್ಯಾಸ ಶಾಲೆಯಲ್ಲಿ ರೂಪುಗೊಂಡ ಜೆಲ್ಲೋ ಎಂಬ ಉಚಿತ ಆ್ಯಪಿನ ಪರದೆಯಲ್ಲಿ ಇಷ್ಟ, ಹೌದು, ಇನ್ನಷ್ಟು ಎಂಬ ಗುಂಡಿಗಳಿಗೆ ಎದುರಾಗಿ ಇಷ್ಟವಿಲ್ಲ, ಬೇಡ, ಕಡಿಮೆ ಎಂಬ ಗುಂಡಿಗಳು ಸದಾ ಸಿದ್ಧವಾಗಿರುತ್ತವೆ. ಇದು ವಿನ್ಯಾಸದ ಸಣ್ಣ ವಿವರವಲ್ಲ. ಬೇಕು ಎನ್ನುವುದನ್ನು ಕಲಿಸಲು ಥೆರಪಿಯಲ್ಲಿ ತಿಂಗಳುಗಟ್ಟಲೆ ಸಮಯ ವ್ಯಯವಾಗುತ್ತದೆ, ಬೇಡ ಎನ್ನುವುದನ್ನು ಕಲಿಸುವವರು ಕಡಿಮೆ. ಮೌಲ್ಯಮಾಪನದ ನಡುವೆ ಟ್ಯಾಬ್ಲೆಟ್ಟನ್ನು ತಳ್ಳಿ ಎದ್ದುಹೋದ ಮಗುವನ್ನು ಪರೀಕ್ಷೆ ಪೂರ್ತಿಗೊಳಿಸದವರ ಪಟ್ಟಿಗೆ ಸೇರಿಸಿ ಲೆಕ್ಕದಿಂದ ಕೈಬಿಡುವುದು ಸಂಶೋಧನೆಯ ಸಾಮಾನ್ಯ ಪದ್ಧತಿ. ಅಳೆಯಹೊರಟದ್ದು ಅನುಭವವನ್ನಾದರೆ ಅಷ್ಟು ಖಚಿತವಾದ ಉತ್ತರವನ್ನು ಬೇರೆ ಯಾವ ಮಗುವೂ ಕೊಟ್ಟಿರುವುದಿಲ್ಲ. ಕಟಾ ಸ್ಪೀಲ್, ಕ್ರಿಸ್ಟೋಫರ್ ಫ್ರೌಯನ್‌ಬರ್ಗರ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ವಿಮರ್ಶೆ, ಆಟಿಸಂ ಇರುವ ಮಕ್ಕಳಿಗಾಗಿ ನಡೆದ ತಂತ್ರಜ್ಞಾನ ಸಂಶೋಧನೆಗಳಲ್ಲಿ ಗುರಿಯನ್ನು ಹೆಚ್ಚಾಗಿ ಇತರರೇ ನಿಗದಿ ಮಾಡಿರುತ್ತಾರೆಂದು ತೋರಿಸಿತು. ನಮ್ಮಲ್ಲಿ ಪ್ರಮಾಣಪತ್ರಕ್ಕೆ ಬಳಕೆಯಲ್ಲಿರುವ ಭಾರತೀಯ ಆಟಿಸಂ ಮಾಪನ, ಅಂದರೆ 40 ಅಂಶಗಳ ಐಎಸ್‌ಎಎ, ಲಕ್ಷಣಗಳ ತೀವ್ರತೆಯನ್ನು ಅಳೆಯಲು ಮಾಡಿದ್ದು. ಆ್ಯಪ್ ಬಳಸಿದ ಮೇಲೆ ಆ ಅಂಕ ಇಳಿಯಿತು ಎನ್ನುವ ವರದಿ ಮಗುವಿನ ಬಗ್ಗೆ ಏನನ್ನೋ ಹೇಳೀತು, ಆ್ಯಪಿನ ಅನುಭವದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಸಮಯದ ವಿಷಯದಲ್ಲಿ ಅವಸರ ಸಲ್ಲದು, ಏಕೆಂದರೆ ಮೊದಲು ಒಪ್ಪಿದ ಸಾಧನವನ್ನೂ ಆಮೇಲೆ ಕೈಬಿಡುವುದುಂಟು. ಅಮೆರಿಕದಲ್ಲಿ ಫಿಲಿಪ್ಸ್ ಮತ್ತು ಜಾವೊ 1993ರಲ್ಲಿ 227 ಮಂದಿ ಅಂಗವಿಕಲ ವಯಸ್ಕರನ್ನು ವಿಚಾರಿಸಿ ಬರೆದ ಪ್ರಬಂಧದ ಪ್ರಕಾರ ಸಹಾಯಕ ಸಾಧನಗಳಲ್ಲಿ ಶೇ 29.3ರಷ್ಟನ್ನು ಜನ ಪೂರ್ತಿ ಕೈಬಿಟ್ಟಿದ್ದರು, ಮತ್ತು ಸಾಧನವನ್ನು ಆರಿಸುವಾಗ ಬಳಸುವವರ ಅಭಿಪ್ರಾಯ ಕೇಳದಿದ್ದುದು ಅದಕ್ಕೆ ಮುಖ್ಯ ಕಾರಣಗಳಲ್ಲೊಂದಾಗಿತ್ತು. ಐದು ಮಂದಿಯನ್ನು ಪರೀಕ್ಷಿಸಿದರೆ ಹೆಚ್ಚಿನ ದೋಷಗಳು ಸಿಗುತ್ತವೆಂಬ ಸಾಫ್ಟ್‌ವೇರ್ ಲೋಕದ ರೂಢಿನಿಯಮವೂ, ಒಬ್ಬರಂತೆ ಮತ್ತೊಬ್ಬರಿಲ್ಲದ ಈ ಬಳಕೆದಾರರಲ್ಲಿ ಭರವಸೆ ಕೊಡುವುದಿಲ್ಲ. ಒಬ್ಬೊಬ್ಬರನ್ನೂ ಅವರ ಹಿಂದಿನ ವಾರಗಳೊಂದಿಗೇ ಹೋಲಿಸುವ, ಸಾಧನವನ್ನು ಕೊಟ್ಟು, ಹಿಂತೆಗೆದು, ಮತ್ತೆ ಕೊಟ್ಟು ನೋಡುವ ಏಕವ್ಯಕ್ತಿ ಅಧ್ಯಯನ ಇದಕ್ಕಿಂತ ಮೇಲು. ಆದರೆ ಮಾತಿನ ಸಾಧನವನ್ನು ಪ್ರಯೋಗಕ್ಕಾಗಿ ಹಿಂತೆಗೆಯುವುದೆಂದರೆ ಒಬ್ಬರ ಬಾಯಿ ಕಟ್ಟಿದಂತೆಯೇ ಆಗುವುದರಿಂದ ಅದಕ್ಕೆ ಬೇರೆ ಬೇರೆ ಪದಗುಚ್ಛಗಳನ್ನು ಬೇರೆ ಬೇರೆ ಕಾಲಕ್ಕೆ ಸೇರಿಸುತ್ತ ಹೋಗುವ ವಿನ್ಯಾಸವೇ ವಾಸಿ.

ಲಾಗ್‌ಗಳ ಬಗ್ಗೆಯೂ ಎಚ್ಚರ ಬೇಕು, ಏಕೆಂದರೆ ಎಎಸಿ ಆ್ಯಪಿನ ಲಾಗ್ ಎಂದರೆ ಒಬ್ಬ ವ್ಯಕ್ತಿ ದಿನವಿಡೀ ಆಡಿದ ಮಾತುಗಳ ದಾಖಲೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಕ್ಕಳ ದತ್ತಾಂಶಕ್ಕೆ ಪೋಷಕರ ಪರಿಶೀಲಿತ ಒಪ್ಪಿಗೆಯನ್ನು ಕಡ್ಡಾಯ ಮಾಡಿ, ಅವರ ವರ್ತನೆಯ ಮೇಲೆ ಕಣ್ಗಾವಲನ್ನು ನಿರ್ಬಂಧಿಸುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿ ಪೋಷಕರ ಒಪ್ಪಿಗೆಯ ಜೊತೆಗೆ ಏಳು ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳುತ್ತದೆ.

ಆಟಿಸಂ ಇರುವ ವಯಸ್ಕರನ್ನೇ ಮೌಲ್ಯಮಾಪಕರನ್ನಾಗಿಸಿದ ಮಾದರಿ ಅಮೆರಿಕದಲ್ಲಿದೆ. ಕ್ರಿಸ್ಟಿನಾ ನಿಕೊಲೈಡಿಸ್ ಮತ್ತು ಸ್ವತಃ ಆಟಿಸಂ ಇರುವ ಡೋರಾ ರೇಮೇಕರ್ 2006ರಲ್ಲಿ ಕಟ್ಟಿದ ಆ್ಯಸ್ಪೈರ್ ತಂಡ, ಸಮೀಕ್ಷೆಗಳನ್ನು ಆಟಿಸಂ ಇರುವವರ ಜೊತೆ ಕುಳಿತು ತಿದ್ದಿ, ಸಡಿಲ ಪದಗಳಿಗೆ ಅರ್ಥ ಬರೆದು, ಅಂಕಗಳ ಪಕ್ಕದಲ್ಲಿ ಚಿತ್ರಗಳನ್ನಿಟ್ಟು ಪ್ರಯೋಗಿಸಿತು. ಚೆನ್ನೈಗೆ ಈ ಮಾದರಿ ತುರ್ತಾಗಿ ಬೇಕಾಗಿದೆ. ಆವಾಜ್ ಸಾಧನವನ್ನು 2010ರಲ್ಲಿ ಹತ್ತನೆಯ ವಯಸ್ಸಿನಲ್ಲಿ ಕೈಗೆತ್ತಿಕೊಂಡವರಿಗೆ ಈಗ ಇಪ್ಪತ್ತೈದು ದಾಟಿದೆ. ಗಿಂಡಿಯಲ್ಲೇ ಇರುವ ಅಂಗವಿಕಲರ ರಾಷ್ಟ್ರೀಯ ವೃತ್ತಿ ಸೇವಾ ಕೇಂದ್ರದಂಥ ಕಡೆ ಕೆಲಸ ಕೇಳಲು ಹೋಗುವ ವಯಸ್ಸು ಅದು, ಮತ್ತು ಅಲ್ಲಿ ಅವರಿಗೆ ಬೇಕಾಗುವ ಪದಗಳು ಸಂಬಳ, ರಜೆ, ಬಸ್ ಪಾಸು, ಮೇಲಧಿಕಾರಿಯ ವಿರುದ್ಧದ ದೂರು. ಫಲಕದ ಮೇಲೆ ಆಟಿಕೆ ಮತ್ತು ಬಿಸ್ಕತ್ತಿನ ಚಿತ್ರಗಳೇ ಇಂದಿಗೂ ಮುಂದಿದ್ದರೆ, ಅದನ್ನು ಅಳೆಯುವ ಪ್ರಶ್ನೆಗಳನ್ನು ಈ ಸಲ ಅವರಿಂದಲೇ ಬರೆಸಬೇಕಾಗುತ್ತದೆ.